ಮಗಳಿಗೆ ನರ್ಸಿಂಗ್ ಸೀಟು: ಸೇರಿಸೋ ಮುಂಚೆ ಏನೇನು ವಿಚಾರಿಸಬೇಕು?

ಕೇಳಿದವರು: ಮದ್ದೂರು ಕಡೆಯ ತಂದೆ

ನಮಸ್ಕಾರ. ಮಗಳು ಪಿಯುಸಿ ಮುಗಿಸಿದ್ದಾಳೆ, ಪಿಸಿಬಿ (ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ) ತಗೊಂಡಿದ್ದಳು. ನರ್ಸಿಂಗೇ ಓದಬೇಕು ಅಂತ ಹಟ ಹಿಡಿದಿದ್ದಾಳೆ, ನಮಗೂ ಸಂತೋಷ. ಮಂಡ್ಯ, ಮೈಸೂರು ಎರಡೂ ಕಡೆ ಕಾಲೇಜು ನೋಡಿ ಬಂದೆವು. ಒಂದು ಕಡೆ "ನಮ್ಮದು ಐಎನ್‌ಸಿ (ಭಾರತೀಯ ನರ್ಸಿಂಗ್ ಕೌನ್ಸಿಲ್) ಮಾನ್ಯತೆ ಇರೋ ಕಾಲೇಜು" ಅಂದರು. ಇನ್ನೊಂದು ಕಡೆ "ಕರ್ನಾಟಕದಲ್ಲಿ ಅದೆಲ್ಲ ಬೇಕಿಲ್ಲ" ಅಂದರು. ನಡುವೆ ಒಬ್ಬ ಏಜೆಂಟು ಸಿಕ್ಕಿ, ದಿನಾ ಕ್ಲಾಸಿಗೆ ಹೋಗದಿದ್ದರೂ ಸರ್ಟಿಫಿಕೇಟ್ ಕೊಡಿಸುತ್ತೇನೆ ಅಂದ. ಯಾರ ಮಾತು ನಂಬೋದು? ಬಿಎಸ್ಸಿ ನರ್ಸಿಂಗ್ ಡಿಗ್ರಿಗೆ ಸೇರಿಸೋದೋ, ಜಿಎನ್‌ಎಂ ಅನ್ನೋ ನರ್ಸಿಂಗ್ ಡಿಪ್ಲೊಮಾಗೋ? ಕಬ್ಬಿನ ದುಡ್ಡು ಬಂದಾಗ ಫೀಸು ಕಟ್ಟೋ ಮನೆ ನಮ್ಮದು. ಓದಿದವರು, ಓದಿಸಿದವರು ತಿಳಿಸಿಕೊಡಿ.

ಮೈಸೂರಿನ ನರ್ಸಿಂಗ್ ಟ್ಯೂಟರ್

ಸಾರ್, ಬಹಳ ವರ್ಷ ವಾರ್ಡಿನಲ್ಲಿ ದುಡಿದು ಈಗ ಪಾಠ ಮಾಡುತ್ತಿದ್ದೇನೆ. ನಿಮ್ಮ ಮಗಳು ನರ್ಸ್ ಆಗೋದು ಕಾಲೇಜು ಸರ್ಟಿಫಿಕೇಟ್ ಕೊಟ್ಟ ದಿನ ಅಲ್ಲ, ರಾಜ್ಯ ನರ್ಸಿಂಗ್ ಕೌನ್ಸಿಲ್ ರಿಜಿಸ್ಟರಿನಲ್ಲಿ ಹೆಸರು ಬರೆದು ನಂಬರ್ ಕೊಟ್ಟ ದಿನ. ಆದ್ದರಿಂದ ಯಾವ ಕಾಲೇಜಿಗೆ ಹೋದರೂ ಮೊದಲು ಕೇಳಬೇಕಾದ್ದು ಇದು: "ಇಲ್ಲಿ ಓದಿದವರಿಗೆ ರಿಜಿಸ್ಟ್ರೇಷನ್ ಆಗುತ್ತಾ? ಹೋದ ವರ್ಷ ಮುಗಿಸಿದವರಿಗೆ ಆಗಿದೆಯಾ?" ಆಗಿದೆ ಅಂದರೆ ಆ ಮಕ್ಕಳಲ್ಲೇ ಒಬ್ಬರನ್ನು ಮಾತಾಡಿಸಿ.

ಈಗ ಐಎನ್‌ಸಿ ವಿಷಯ. ಭಾರತೀಯ ನರ್ಸಿಂಗ್ ಕೌನ್ಸಿಲ್ ಹುಟ್ಟಿದ್ದು 1947ರ ಕಾಯ್ದೆಯಿಂದ. ದೇಶದಲ್ಲೆಲ್ಲ ನರ್ಸಿಂಗ್ ಶಿಕ್ಷಣ ಒಂದೇ ಮಟ್ಟದಲ್ಲಿರಲಿ ಅನ್ನೋದು ಉದ್ದೇಶ. ಸಿಲಬಸ್ಸು, ಎಷ್ಟು ವರ್ಷ, ಯಾರು ಸೇರಬಹುದು, ಎಷ್ಟು ಮಕ್ಕಳಿಗೆ ಎಷ್ಟು ಟೀಚರು ಅಂತೆಲ್ಲ ಹೇಳೋದು ಅದೇ. ಆದರೆ ಆ ಕಾಯ್ದೆ ಮಾನ್ಯತೆ ಕೊಡೋದು ವಿದ್ಯಾರ್ಹತೆಗೆ, ಅಂದರೆ ಡಿಗ್ರಿ, ಡಿಪ್ಲೊಮಾಗೆ. ಕಾಲೇಜಿಗೂ ಐಎನ್‌ಸಿ ಮಾನ್ಯತೆ ಬೇಕೇ ಅನ್ನೋ ಜಗಳ ನಮ್ಮ ಹೈಕೋರ್ಟಿಗೆ ಹೋಯಿತು. 2017ರಲ್ಲಿ ಕೋರ್ಟು, ಸಂಸ್ಥೆಗಳಿಗೆ ಮಾನ್ಯತೆ ಕೊಡೋ ಅಧಿಕಾರ ಐಎನ್‌ಸಿಗೆ ಇಲ್ಲ ಅಂದಿತು. ಎರಡು ಕಾಲೇಜಿನವರು ಎರಡು ಮಾತು ಆಡಿದ್ದು ಇದಕ್ಕೇ. ನೀವು ಆ ಜಗಳಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ನಮ್ಮಲ್ಲಿ ನೋಡಬೇಕಾದ್ದು ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್ ಮಾನ್ಯತೆ ಮತ್ತು ಪರೀಕ್ಷೆ ಯಾರದು ಅನ್ನೋದು. ಬಿಎಸ್ಸಿ ಆದರೆ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದ ಅಥವಾ ಮಾನ್ಯತೆ ಇರೋ ಡೀಮ್ಡ್ ವಿಶ್ವವಿದ್ಯಾಲಯದ ಪರೀಕ್ಷೆ. ಜಿಎನ್‌ಎಂ ಆದರೆ ರಾಜ್ಯದ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿ. ಮಗಳು ಸೇರೋ ವರ್ಷದ ಮಾನ್ಯತೆ ಆದೇಶದ ಪ್ರತಿ, ಎಷ್ಟು ಸೀಟಿಗೆ ಅನುಮತಿ ಅಂತ ಬರೆದದ್ದು, ಕೇಳಿ ನೋಡಿ. ಹಳೇ ವರ್ಷದ್ದು ಫ್ರೇಮು ಹಾಕಿ ಗೋಡೆಗೆ ನೇತುಹಾಕಿರುತ್ತಾರೆ, ಅದು ಸಾಲದು.

ಆ ಏಜೆಂಟಿನ ಕಡೆ ಮತ್ತೆ ತಿರುಗಿ ನೋಡಬೇಡಿ, ಕೈ ಮುಗಿದು ಹೇಳುತ್ತೇನೆ. ಬಿಎಸ್ಸಿ ಪರೀಕ್ಷೆಗೆ ಕೂರಬೇಕಾದರೆ ಥಿಯರಿಯಲ್ಲಿ 80%, ಪ್ರಾಕ್ಟಿಕಲ್‌ನಲ್ಲಿ 80% ಹಾಜರಿ ಬೇಕು. ಡಿಗ್ರಿ ಕೈಗೆ ಬರೋ ಹೊತ್ತಿಗೆ ಕ್ಲಿನಿಕಲ್ ಪೋಸ್ಟಿಂಗ್, ಅಂದರೆ ಆಸ್ಪತ್ರೆ ವಾರ್ಡಿನಲ್ಲಿ ಕಲಿಯೋದು, 100% ಮುಗಿದಿರಬೇಕು. ಇದು ಬರೀ ಕಾಗದದ ನಿಯಮ ಅಲ್ಲ. ವಾರ್ಡಿಗೇ ಹೋಗದೆ ಪಾಸಾಗಿ ಬಂದ ಹುಡುಗಿಯರು ಮೊದಲನೇ ರಾತ್ರಿ ಡ್ಯೂಟಿಯಲ್ಲಿ ಐವಿ ಡ್ರಿಪ್ ಹಾಕಲಾಗದೆ ಅಳುತ್ತ ನಿಂತಿದ್ದನ್ನು ಕಂಡಿದ್ದೇನೆ. ಅವರ ತಪ್ಪಲ್ಲ ಅದು. ಆದರೆ ಮಂಚದ ಮೇಲೆ ಮಲಗಿರೋ ರೋಗಿಯ ತಪ್ಪೂ ಅಲ್ಲವಲ್ಲ.

ಹಾಗಾಗಿ ಕಟ್ಟಡಕ್ಕಿಂತ ಮೊದಲು ಆಸ್ಪತ್ರೆ ನೋಡಿ. ಐಎನ್‌ಸಿ ಪ್ರಕಾರ ಒಬ್ಬ ವಿದ್ಯಾರ್ಥಿಗೆ ಮೂರು ರೋಗಿಗಳು, ಹತ್ತು ವಿದ್ಯಾರ್ಥಿಗಳಿಗೆ ಒಬ್ಬ ಟೀಚರು ಇರಬೇಕು. ಮಕ್ಕಳನ್ನು ಪೋಸ್ಟಿಂಗಿಗೆ ಎಲ್ಲಿಗೆ ಕಳಿಸುತ್ತೀರಿ, ಹೆರಿಗೆ ಕಲಿಯೋದು ಎಲ್ಲಿ ಅಂತ ಕೇಳಿ. ಮೈಸೂರಲ್ಲಿ ಕೆ.ಆರ್. ಆಸ್ಪತ್ರೆ, ಚೆಲುವಾಂಬ, ಮಂಡ್ಯದಲ್ಲಿ ಮಿಮ್ಸ್, ಇಂಥ ಕಡೆ ರೋಗಿಗಳಿಗೆ ಬರವಿಲ್ಲ, ಕಲಿಯೋ ಕೈಗೆ ಕೆಲಸ ಸಿಗುತ್ತದೆ. ಕಾಲೇಜಿನವರು ಹೇಳಿದ ಆಸ್ಪತ್ರೆಗೆ ಒಂದು ಬೆಳಿಗ್ಗೆ ಹೋಗಿ ನಿಂತುಕೊಳ್ಳಿ. ಆ ಕಾಲೇಜಿನ ಯೂನಿಫಾರ್ಮ್ ಕಾಣಿಸುತ್ತದೋ ಇಲ್ಲವೋ ನಿಮಗೇ ಗೊತ್ತಾಗುತ್ತದೆ.

ಮಳವಳ್ಳಿಯಿಂದ ಒಬ್ಬರು

ಅಣ್ಣ, ನಮ್ ಹುಡುಗಿ ಜಿಎನ್‌ಎಂ ಮಾಡವ್ಳೆ. ಮೂರು ವರ್ಸ. ಪಿಯುಸಿ ಆರ್ಟ್ಸ್ ಓದಿದ್ಲು, ಅದಕ್ಕೂ ಸೀಟು ಕೊಡ್ತರೆ. ನಿಮ್ ಮಗಳು ಸೈನ್ಸು ಅಂದ್ರಲ್ಲ, ಮಾರ್ಕ್ಸ್ ಇದ್ರೆ ಬಿಎಸ್ಸಿಗೇ ಸೇರ್ಸಿ. ದುಡ್ಡು ಸಾಲ್ದು ಅನ್ನಂಗಿದ್ರೆ ಜಿಎನ್‌ಎಂ ಮಾಡ್ಸಿ, ಆಮೇಲೆ ಎರಡು ವರ್ಸದ ಪೋಸ್ಟ್ ಬೇಸಿಕ್ ಬಿಎಸ್ಸಿ ಓದ್ಬೋದು. ಇವ್ಳೂ ಅಂಗೇ ಮಾಡ್ಬೇಕು ಅಂತವ್ಳೆ.

ಇನ್ನೊಂದು ಮಾತು. ನಮ್ ಪಕ್ಕದ ಮನೆಯವ್ರು "ನರ್ಸಿಂಗ್ ಅಸಿಸ್ಟೆಂಟ್" ಅಂತ ಒಂದು ವರ್ಸದ ಕೋರ್ಸಿಗೆ ಸೇರ್ಸುದ್ರು. ಬಿಳಿ ಕೋಟು, ಫೋಟೊ, ಎಲ್ಲಾ ಆಯ್ತು. ಕೌನ್ಸಿಲ್‌ನಲ್ಲಿ ಅದುಕ್ಕೆ ರಿಜಿಸ್ಟ್ರೇಷನ್ನೇ ಇಲ್ವಂತೆ. ಆ ಮಗು ಈಗ ಒಂದು ಕ್ಲಿನಿಕ್ಕಲ್ಲಿ ಕಮ್ಮಿ ಸಂಬಳಕ್ಕೆ ಅವ್ಳೆ. ಎಎನ್‌ಎಂ (ಸಹಾಯಕ ನರ್ಸ್-ಮಿಡ್‌ವೈಫ್ ಕೋರ್ಸು), ಜಿಎನ್‌ಎಂ, ಬಿಎಸ್ಸಿ, ಈ ಹೆಸ್ರು ಬುಟ್ಟು ಬೇರೆ ಏನಾರ ಹೇಳುದ್ರೆ ಎದ್ದು ಬಂದ್ಬುಡಿ.

ಮಂಡ್ಯದವಳು, ಈಗ ದೆಹಲಿಯಲ್ಲಿ ನರ್ಸಿಂಗ್ ಆಫೀಸರ್

ಅಂಕಲ್, ಹೊರರಾಜ್ಯದಲ್ಲಿ ಕರ್ನಾಟಕದ ಸರ್ಟಿಫಿಕೇಟ್ ನಡೆಯಲ್ಲ ಅಂತ ನನಗೂ ಬಹಳ ಜನ ಹೆದರಿಸಿದ್ದರು. ನರ್ಸಿಂಗ್ ಆಫೀಸರ್ ನೇಮಕಾತಿಗೆ ಏಮ್ಸ್ ನಡೆಸೋ ನಾರ್ಸೆಟ್ ಪರೀಕ್ಷೆಯ ಅರ್ಹತೆಯಲ್ಲಿ ಐಎನ್‌ಸಿ ಅಥವಾ ರಾಜ್ಯ ನರ್ಸಿಂಗ್ ಕೌನ್ಸಿಲ್ ಮಾನ್ಯತೆ ಅಂತಲೇ ಇದೆ. ಜೊತೆಗೆ ನರ್ಸ್ ಮತ್ತು ಮಿಡ್‌ವೈಫ್ ಆಗಿ ರಿಜಿಸ್ಟರ್ ಆಗಿರಬೇಕು. ಒಂದು ವ್ಯತ್ಯಾಸ ತಿಳಿದಿರಲಿ. ಬಿಎಸ್ಸಿಯವರು ನೇರ ಬರೆಯಬಹುದು, ಜಿಎನ್‌ಎಂ ಆದವರಿಗೆ ಕನಿಷ್ಠ 50 ಹಾಸಿಗೆಯ ಆಸ್ಪತ್ರೆಯಲ್ಲಿ ಎರಡು ವರ್ಷದ ಅನುಭವ ಬೇಕು. ಮಗಳಿಗೆ ಕೇಂದ್ರ ಸರ್ಕಾರದ ಕೆಲಸದ ಆಸೆ ಇದ್ದರೆ ಇದನ್ನು ಈಗಲೇ ಲೆಕ್ಕಕ್ಕೆ ತಗೊಳ್ಳಿ.

ಬೇರೆ ರಾಜ್ಯಕ್ಕೆ ಹೋದಾಗ ನಮ್ಮ ಕೌನ್ಸಿಲ್‌ನಿಂದ ಎನ್‌ಒಸಿ (ಆಕ್ಷೇಪಣೆ ಇಲ್ಲ ಅನ್ನೋ ಪತ್ರ) ತಗೊಂಡು ಅಲ್ಲಿನ ಕೌನ್ಸಿಲ್‌ನಲ್ಲಿ ಹೆಸರು ಬರೆಸಬೇಕು. ಈಗ ದೇಶಕ್ಕೆಲ್ಲ ಒಂದು ಆನ್‌ಲೈನ್ ರಿಜಿಸ್ಟರ್ ಇದೆ, ಅದರಲ್ಲಿ ಪ್ರತಿ ನರ್ಸಿಗೂ ಎನ್‌ಯುಐಡಿ ಅನ್ನೋ ನಂಬರು. ರಿಜಿಸ್ಟ್ರೇಷನ್ ಆದ ಮೇಲೆ ಅದನ್ನೂ ಮಾಡಿಸಿಕೊಳ್ಳಲಿ.

ಮೈಸೂರಿನ ನರ್ಸಿಂಗ್ ಟ್ಯೂಟರ್

ಮೇಲಿನ ತಂಗಿ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. 2023ರಲ್ಲಿ ಸಂಸತ್ತು ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗದ ಕಾಯ್ದೆ ಮಾಡಿದೆ. ಐಎನ್‌ಸಿಯ ಜಾಗಕ್ಕೆ ಆಯೋಗ, ಅದರ ಕೆಳಗೆ ಶಿಕ್ಷಣಕ್ಕೆ ಒಂದು, ಕಾಲೇಜುಗಳ ತಪಾಸಣೆಗೆ ಒಂದು, ವೃತ್ತಿ ನೈತಿಕತೆ ಮತ್ತು ನೋಂದಣಿಗೆ ಒಂದು ಮಂಡಳಿ, ರಾಜ್ಯಗಳಲ್ಲಿ ರಾಜ್ಯ ಆಯೋಗ. ಕಾಲೇಜುಗಳಿಗೆ ರೇಟಿಂಗ್ ಕೊಡೋದೂ ಅದರಲ್ಲಿದೆ. ಅದು ನೆಟ್ಟಗೆ ನಡೆದರೆ ನಿಮ್ಮಂಥ ತಂದೆತಾಯಿ ಹೀಗೆ ಊರೂರು ಅಲೆಯೋದು ತಪ್ಪೀತು ಅನ್ನೋ ಆಸೆ ನನ್ನದು.

ಕೇಳಿದವರು

ಎಲ್ಲರಿಗೂ ತುಂಬಾ ಉಪಕಾರವಾಯಿತು. ಬಿಎಸ್ಸಿ ಕಡೆಯೇ ನೋಡುತ್ತೇವೆ. ಸೇರಿಸೋ ಮೊದಲು ದಾಖಲೆ ಏನಾದರೂ ಸರಿಮಾಡಿಸಬೇಕಾ?

ಶ್ರೀರಂಗಪಟ್ಟಣದಿಂದ, ಈ ವರ್ಷ ಮುಗಿಸಿದವಳು

ಹೆಸರು ನೋಡಿ ಸರ್. ನನ್ನ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇನಿಷಿಯಲ್ ಹೆಸರಿನ ಹಿಂದೆ, ಆಧಾರ್‌ನಲ್ಲಿ ಅಪ್ಪನ ಪೂರ್ತಿ ಹೆಸರು ಮುಂದೆ. ರಿಜಿಸ್ಟ್ರೇಷನ್ ಹೊತ್ತಿಗೆ ಅಫಿಡವಿಟ್ಟು, ತಿದ್ದುಪಡಿ ಅಂತ ಓಡಾಡಿ, ಜೊತೆಯವರೆಲ್ಲ ಕೆಲಸಕ್ಕೆ ಸೇರಿದರೂ ನಾನು ಮನೆಯಲ್ಲೇ ಕೂತಿದ್ದೆ. ಎಸ್ಸೆಸ್ಸೆಲ್ಸಿಯಲ್ಲಿ ಹೇಗಿದೆಯೋ ಹಾಗೇ ಆಧಾರ್ ಈಗಲೇ ತಿದ್ದಿಸಿ, ಅಡ್ಮಿಷನ್ ಫಾರಂನಲ್ಲೂ ಹಾಗೇ ಬರೆಸಿ. ಮೂಲ ಅಂಕಪಟ್ಟಿ ಕೊಡೋ ಮುಂಚೆ ಎಲ್ಲದರ ಜೆರಾಕ್ಸ್ ಇಟ್ಟುಕೊಳ್ಳಿ, ಕೊಟ್ಟದ್ದಕ್ಕೆ ಕಾಲೇಜಿನ ಸೀಲ್ ಹಾಕಿದ ರಸೀದಿ ಇಸ್ಕೊಳ್ಳಿ.