ಮೇ ತಿಂಗಳಲ್ಲಿ ಕಲಬುರಗಿಯ ಸ್ಕ್ರೀನ್ ಮೇಲೆ ಹಿಮ: ಹವಾಮಾನ ಆಪ್ ಸರಿ ಮಾಡುವುದು ಹೇಗೆ?

ಪ್ರಶ್ನೆ:
ನಮಸ್ಕಾರ, ಕಲಬುರಗಿಯಿಂದ ಬರೆಯುತ್ತಿದ್ದೇನೆ. ಹೊರಗಿನ ಹವಾಮಾನವನ್ನು ಡೆಸ್ಕ್‌ಟಾಪ್ ಮೇಲೆ ತೋರಿಸುವ ಒಂದು ಆಪ್ ಹಾಕಿಕೊಂಡಿದ್ದೇನೆ. ಮಳೆ ಇದ್ದರೆ ಸ್ಕ್ರೀನ್ ಮೇಲೆ ಹನಿ ಇಳಿಯುತ್ತವೆ, ಪಕ್ಕದಲ್ಲಿ ಐದು ದಿನದ ಮುನ್ಸೂಚನೆ ಇರುತ್ತದೆ. ಮೊದಲು ಬೆಂಗಳೂರಿನದ್ದು ತೋರಿಸುತ್ತಿತ್ತು. ಕಲಬುರಗಿ ಅಂತ ಹುಡುಕಿದರೆ ಊರೇ ಸಿಗಲಿಲ್ಲ. ಕೊನೆಗೆ ಜಾಗದ ಅಂಕಿ ನಾನೇ ಹಾಕಿದೆ: 76.83, 17.33. ಈಗ ಹೊರಗೆ 42 ಡಿಗ್ರಿ ಬಿಸಿಲು, ಸ್ಕ್ರೀನ್ ಮೇಲೆ ಹಿಮ! ಮೈನಸ್ 2 ಅಂತ ಬರುತ್ತಿದೆ. ರಾತ್ರಿ ಹನ್ನೊಂದಾದರೂ ಸೂರ್ಯ ಮುಳುಗಲ್ಲ. ಎರಡು ಸಲ ಆಪ್ ತೆಗೆದು ಮತ್ತೆ ಹಾಕಿದೆ, ಅದೇ ಕಥೆ.

ಆಳಂದ ಹತ್ತಿರ ನಮ್ಮ ತೊಗರಿ ಹೊಲ ಇದೆ. ಅಪ್ಪ ದಿನಾ ಕುರ್ಚಿ ಹಿಂದೆ ನಿಂತು "ಮಳಿ ಯಾವಾಗ ಅದ ನೋಡು" ಅನ್ನುತ್ತಾರೆ. ಅವರಿಗೋಸ್ಕರ ಆದರೂ ಇದು ಸರಿಯಾಗಬೇಕು.

ಉತ್ತರ:
ಆಪ್ ಕೆಟ್ಟಿಲ್ಲ, ಅಂಕಿ ಅದಲುಬದಲಾಗಿವೆ. ಮೊದಲು ಅಕ್ಷಾಂಶ 17.33, ಆಮೇಲೆ ರೇಖಾಂಶ 76.83. ನೀವು ಹಾಕಿದ ಜಾಗ ಉತ್ತರ ಧ್ರುವದ ಕಡೆಯ ಸ್ವಾಲ್ಬಾರ್ಡ್ ದ್ವೀಪಗಳ ದಕ್ಷಿಣ ತುದಿಯ ಹತ್ತಿರ ಬರುತ್ತದೆ. ಅಲ್ಲಿ ಮೇ ತಿಂಗಳಲ್ಲಿ ಸೂರ್ಯ ಮುಳುಗುವುದೇ ಇಲ್ಲ. ಈ ಸುಳಿವು ಕೊಟ್ಟಿದ್ದು ಒಳ್ಳೆಯದಾಯಿತು, ಅದರಿಂದಲೇ ಗೊತ್ತಾಯಿತು. ಆಪ್ ತೆಗೆದರೂ ಸೆಟ್ಟಿಂಗ್ಸ್ ಫೈಲ್ ಎಷ್ಟೋ ಸಲ ಉಳಿದುಬಿಡುತ್ತದೆ, ಹಾಗಾಗಿ ಅದೇ ಅಂಕಿ ವಾಪಸ್ ಬಂದಿದೆ.

ಬೆಂಗಳೂರು ಬಂದಿದ್ದು ಐಪಿ ವಿಳಾಸದಿಂದ (ಇಂಟರ್ನೆಟ್ ಸಂಪರ್ಕದ ಗುರುತಿನ ಅಂಕಿ) ಜಾಗ ಊಹಿಸಿದ್ದಕ್ಕೆ. ಊರಿನ ಹೆಸರು ಬದಲಾಗಿದ್ದು 2014ರ ನವೆಂಬರ್ 1ಕ್ಕೆ. ಹಳೇ ಪಟ್ಟಿ ಇರುವ ಆಪ್‌ಗಳಲ್ಲಿ ಗುಲ್ಬರ್ಗಾ ಅಂತ ಹುಡುಕಿ ನೋಡಿ.

ಮತ್ತೆ ಪ್ರಶ್ನೆ:
ಹಿಮ ಹೋಯ್ತು, 42 ಸರಿಯಾಗಿ ಬಂತು! ಆದರೆ ನಿನ್ನೆ ಸಂಜೆ ಸ್ಕ್ರೀನ್ ತುಂಬಾ ಮಳೆ, ಅಂಗಳದಲ್ಲಿ ಒಂದು ಹನಿ ಇಲ್ಲ. ಅಪ್ಪ ಬಾಗಿಲಿಗೆ ಹೋಗಿ ಕೈ ಚಾಚಿ ನೋಡಿ ಬಂದರು. ಲ್ಯಾಪ್‌ಟಾಪ್ ಫ್ಯಾನ್ ಕೂಡ ಜಾಸ್ತಿ ಸದ್ದು ಮಾಡುತ್ತಿದೆ.

ಉತ್ತರ:
ಇಂಥ ಆಪ್‌ಗಳಲ್ಲಿ ಸ್ಕ್ರೀನ್ ಮೇಲಿನ ಮಳೆ ಎಷ್ಟೋ ಸಲ ಕಂಪ್ಯೂಟರ್ ಮಾದರಿಯ ಲೆಕ್ಕ ಅಷ್ಟೇ, ನಿಮ್ಮ ಅಂಗಳದಲ್ಲಿ ಅಳೆದದ್ದಲ್ಲ. ಜಾಗತಿಕ ಮಾದರಿಗಳು ನೆಲವನ್ನು ಚೌಕಗಳಾಗಿ ಭಾಗ ಮಾಡುತ್ತವೆ. ಅಮೆರಿಕದ ಜಿಎಫ್ಎಸ್ ಅನ್ನುವ ಮಾದರಿಯ ಮಾಹಿತಿಯಲ್ಲಿ ಒಂದೊಂದು ಚೌಕದ ಬದಿ 25 ಕಿಲೋಮೀಟರ್‌ಗೂ ಜಾಸ್ತಿ. ಬೇಸಿಗೆಯ ಗುಡುಗು ಮಳೆ ನಿಮಗೂ ಗೊತ್ತು ಅಲ್ವಾ? ಜೇವರ್ಗಿ ರಸ್ತೆಯಲ್ಲಿ ಧೋ ಅಂತ ಸುರಿದರೂ ಸೂಪರ್ ಮಾರ್ಕೆಟ್ ಕಡೆ ಧೂಳು ಹಾರುತ್ತಿರುತ್ತದೆ. ಅಷ್ಟು ಸಣ್ಣದು ಆ ಚೌಕಕ್ಕೆ ಸಿಗುವುದಿಲ್ಲ.

ಹೊಲಕ್ಕೆ ಬೇರೆ ಜಾಗ ಸೇರಿಸಿ: ಆಳಂದ 17.57, 76.57. ಅಪ್ಪನಿಗೆ ಹನಿಗಳ ಚಿತ್ರ ತೋರಿಸಬೇಡಿ, ಎಷ್ಟು ಮಿಲಿಮೀಟರ್ ಅಂತ ಇರುವ ಸಾಲು ತೋರಿಸಿ. ಕಪ್ಪು ಮಣ್ಣು ಒಳಗಿನವರೆಗೆ ನೆನೆಯದೆ ಬಿತ್ತಿದರೆ ಬೀಜ ಹೋಯಿತು. ಬಿತ್ತುವ ವಾರ ಈ ಆಪ್ ಒಂದನ್ನೇ ನಂಬಬೇಡಿ, ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ವರುಣ ಮಿತ್ರ ಸಹಾಯವಾಣಿಗೂ ಕರೆ ಮಾಡಿ. ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಅವರ ಮಳೆಮಾಪಕಗಳಿವೆ.

ಫ್ಯಾನ್ ಸದ್ದಿಗೆ: ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಚಿತ್ರ ಅನ್ನುವುದು) 30ಕ್ಕೆ ಇಳಿಸಿ, ಹಾರ್ಡ್‌ವೇರ್ ಆಕ್ಸಲರೇಶನ್ (ಚಿತ್ರ ಬಿಡಿಸುವ ಕೆಲಸ ಗ್ರಾಫಿಕ್ಸ್ ಚಿಪ್‌ಗೆ ಕೊಡುವುದು) ಆನ್ ಮಾಡಿ.

ಪ್ರಶ್ನೆ ಕೇಳಿದವರು:
ಫ್ಯಾನ್ ತಣ್ಣಗಾಯಿತು. ಆಳಂದ ಸೇರಿಸಿದೆ. ಅಪ್ಪ ಈಗ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಮಿಲಿಮೀಟರ್ ಸಾಲನ್ನು ಬೆರಳಿಟ್ಟು ಓದುತ್ತಿದ್ದಾರೆ. ತುಂಬಾ ಥ್ಯಾಂಕ್ಸ್.