ಒಸಡಿಗೆ ಹೈಡ್ರೋಜೆಲ್ ಚುಚ್ಚಿದರೆ ಕರಗಿದ ಮೂಳೆ ಮತ್ತೆ ಬೆಳೆಯುವುದೇ?

ಪ್ರಶ್ನೆ (ತೀರ್ಥಹಳ್ಳಿ):
ನಮ್ಮ ಅತ್ತೆಯವರಿಗೆ ಊಟವಾದ ಮೇಲೆ ಹೊಗೆಸೊಪ್ಪು ಸೇರಿಸಿ ಕವಳ ಹಾಕುವುದು ಹಳೆಯ ರೂಢಿ. ಒಸಡಿನಲ್ಲಿ ರಕ್ತ ಬರುತ್ತಿದ್ದುದರಿಂದ ಶಿವಮೊಗ್ಗದಲ್ಲಿ ತೋರಿಸಿದಾಗ, ಕೆಲವು ದವಡೆ ಹಲ್ಲುಗಳ ಸುತ್ತ 6 ಮಿಲಿಮೀಟರ್ ಆಳದ ಪಾಕೆಟ್ (ಒಸಡು ಹಲ್ಲಿನಿಂದ ಬಿಟ್ಟು ಉಂಟಾದ ಸಂದು) ಇದೆ, ಬೇರುಗಳನ್ನು ಸ್ವಚ್ಛಗೊಳಿಸಬೇಕು, ಮುಂದೆ ಒಸಡನ್ನು ಬಿಡಿಸಿ ಮಾಡುವ ಫ್ಲ್ಯಾಪ್ ಸರ್ಜರಿಯೂ ಬೇಕಾಗಬಹುದು ಎಂದರು. ಚುಚ್ಚುವ ಹೈಡ್ರೋಜೆಲ್‌ನಿಂದ ಮೂಳೆ ಮರಳಿ ಬೆಳೆಯುತ್ತದೆ ಎಂದು ಕೇಳಿ, ಅದು ಬರುವವರೆಗೆ ಕಾಯುವುದಾಗಿ ಅತ್ತೆ ಹೇಳುತ್ತಿದ್ದಾರೆ. ಕಾಯಬಹುದೇ?

ಉತ್ತರ (ದಂತವೈದ್ಯೆ, ಸಾಗರ):
ದಯವಿಟ್ಟು ಕಾಯಬೇಡಿ. ಹೈಡ್ರೋಜೆಲ್ ಎಂಬುದು ತನ್ನೊಳಗೆ ಬಹಳಷ್ಟು ನೀರನ್ನು ಹಿಡಿದಿಟ್ಟುಕೊಳ್ಳುವ ಪಾಲಿಮರ್ ಜಾಲ. ಕೈಟೋಸಾನ್, ಜೆಲಾಟಿನ್, ಹೈಯಲುರೋನಿಕ್ ಆಮ್ಲ ಮೊದಲಾದವುಗಳಿಂದ ಅದನ್ನು ತಯಾರಿಸುತ್ತಾರೆ. ಕೆಲವು ಬಗೆಗಳು ತಣ್ಣಗಿರುವಾಗ ದ್ರವವಾಗಿದ್ದು ಮೈಶಾಖಕ್ಕೆ ಗಟ್ಟಿಯಾಗುವುದರಿಂದ, ಮೊಂಡು ಸೂಜಿಯಲ್ಲಿ ಬಿಟ್ಟರೆ ಪಾಕೆಟ್‌ನ ಮೂಲೆಮೂಲೆಗೂ ಹರಿದು ಅಲ್ಲಿಯೇ ನಿಲ್ಲುತ್ತವೆ. ಒಸಡಿನ ಸಂದಿನಲ್ಲಿ ದ್ರವ ಸದಾ ಒಸರುತ್ತಿರುವುದರಿಂದ ಬೇರೆ ಔಷಧಗಳು ಬೇಗ ತೊಳೆದುಹೋಗುತ್ತವೆ. ಜೆಲ್‌ನ ನಿಜವಾದ ಲಾಭ ಇಲ್ಲಿದೆ. ಪಾಕೆಟ್‌ನಲ್ಲಿಡುವ ಡಾಕ್ಸಿಸೈಕ್ಲಿನ್ ಜೆಲ್‌ಗೆ ಅಮೆರಿಕದಲ್ಲಿ 1998ರಲ್ಲೇ ಅನುಮತಿ ದೊರೆತಿದೆ. ಆದರೆ ಅದು ಸೋಂಕನ್ನು ತಗ್ಗಿಸುತ್ತದೆಯೇ ಹೊರತು ಮೂಳೆಯನ್ನು ಬೆಳೆಸುವುದಿಲ್ಲ, ಮತ್ತು ಬೇರಿಗಂಟಿ ಗಟ್ಟಿಯಾದ ಕಿಟ್ಟವನ್ನು ಯಾವ ಜೆಲ್ಲೂ ಕರಗಿಸದು.

ಮರುಬೆಳವಣಿಗೆ ಇನ್ನೂ ಕಠಿಣ. ಮೂಳೆ, ಬೇರಿನ ಮೇಲಿನ ಸಿಮೆಂಟಮ್ ಎಂಬ ಗಟ್ಟಿ ಪದರ, ಅವೆರಡನ್ನು ಬೆಸೆಯುವ ನಾರುಗಳು ಮೂರೂ ಕೂಡಿ ಹುಟ್ಟಬೇಕು. ಅಷ್ಟರಲ್ಲಿ ಒಸಡಿನ ಹೊರಪದರದ ಜೀವಕೋಶಗಳು ವೇಗವಾಗಿ ಇಳಿದು ಆ ಜಾಗವನ್ನು ಆಕ್ರಮಿಸುತ್ತವೆ. ಹಂದಿಯ ಎಳೆ ಹಲ್ಲಿನಿಂದ ತೆಗೆದ ಎನಾಮಲ್ ಪ್ರೋಟೀನಿನ ಜೆಲ್ 1990ರ ದಶಕದಿಂದ ಬಳಕೆಯಲ್ಲಿದೆಯಾದರೂ, ಮರುಬೆಳವಣಿಗೆಗಾಗಿ ಅದನ್ನು ಸಾಮಾನ್ಯವಾಗಿ ಒಸಡನ್ನು ಬಿಡಿಸಿ, ಬೇರನ್ನು ಶುಚಿಗೊಳಿಸಿದ ಮೇಲೆ ಹಚ್ಚುತ್ತಾರೆ. ಕಾಂಡಕೋಶ (ಬೇರೆ ಬಗೆಯ ಜೀವಕೋಶಗಳಾಗಿ ಬೆಳೆಯಬಲ್ಲ ಕೋಶ) ತುಂಬಿದ ಹೈಡ್ರೋಜೆಲ್‌ಗಳ ಕೆಲಸ ಬಹುಪಾಲು ಇನ್ನೂ ಪ್ರಯೋಗಾಲಯದಲ್ಲಿ ಮತ್ತು ಪ್ರಾಣಿಗಳ ಮೇಲೆ ನಡೆಯುತ್ತಿದೆ.

ಮರುಪ್ರಶ್ನೆ (ಶಿಕಾರಿಪುರ):
ಡಾಕ್ಟರೇ, ನನ್ನ ತಂದೆಯವರ ಎಕ್ಸ್-ರೇಯಲ್ಲಿ ಮೂಳೆ ಎಲ್ಲ ಹಲ್ಲುಗಳ ಸುತ್ತ ಒಂದೇ ಮಟ್ಟಕ್ಕೆ ಇಳಿದಿದೆ. ಅವರಿಗೆ ಇಂತಹ ಚಿಕಿತ್ಸೆ ಆಗುವುದೇ?

ಉತ್ತರ (ದಂತವೈದ್ಯೆ, ಸಾಗರ):
ಹಾಗೆ ಸಮನಾಗಿ ಇಳಿದಲ್ಲಿ ಜೆಲ್ಲನ್ನೂ ಹೆಪ್ಪುಗಟ್ಟಿದ ರಕ್ತವನ್ನೂ ಹಿಡಿದಿಡಲು ಮೂಳೆಯ ಗೋಡೆಗಳೇ ಇರುವುದಿಲ್ಲ, ಆದ್ದರಿಂದ ಹೆಚ್ಚಿನ ನಿರೀಕ್ಷೆ ಬೇಡ. ಒಂದು ಹಲ್ಲಿನ ಪಕ್ಕದಲ್ಲಿ ಕಿರಿದಾಗಿ, ಆಳವಾಗಿ ಬಿದ್ದ ಗುಂಡಿಯಲ್ಲಿ ಫಲ ಉತ್ತಮ.

ತೀರ್ಥಹಳ್ಳಿಯವರಿಗೆ ಇನ್ನೊಂದು ಮಾತು: ಹೊಗೆಸೊಪ್ಪು ಗಾಯ ಮಾಯುವುದನ್ನು ಕೆಡಿಸುತ್ತದೆ, ಸಕ್ಕರೆ ಕಾಯಿಲೆಯಿದ್ದರೆ ಅದೂ ಕೆಡಿಸುತ್ತದೆ. ಅಡಿಕೆ ನಮ್ಮ ಮಲೆನಾಡಿನ ಅನ್ನವೇ ಆದರೂ ಅದನ್ನು ಅಗಿಯುವುದು ಬಾಯಿಯ ಕ್ಯಾನ್ಸರಿಗೆ ಕಾರಣವೆಂಬುದು ಸಿದ್ಧವಾಗಿದೆ. ಆದ್ದರಿಂದ ಕವಳವನ್ನೇ ಬಿಡಿಸಲು ಪ್ರಯತ್ನಿಸಿ. ಈಗ ಬೇರು ಸ್ವಚ್ಛ ಮಾಡಿಸಿ, ಕೆಲವು ವಾರಗಳ ಬಳಿಕ ಪಾಕೆಟ್‌ಗಳನ್ನು ಮತ್ತೆ ಅಳೆಸಿ; ಸರ್ಜರಿ ಬೇಕೇ ಎಂಬುದು ಆಗ ತಿಳಿಯುತ್ತದೆ.