ಕಪಾಟಿನ ಸ್ಲೈಡಿಂಗ್ ಶಟರ್: ಜಾರುಬಾಗಿಲೋ, ಸರಿಸುಕದವೋ?

ಮನೆ ಕಟ್ಟಿಸುವವರಿಗಾಗಿ ಒಂದು ಚಿಕ್ಕ ಕೈಪಿಡಿ ಬರೆಯುತ್ತಿದ್ದೇನೆ. ಮಲಗುವ ಕೋಣೆಯ ವಾರ್ಡ್‌ರೋಬ್ ಹತ್ತಿರ ಬಂದು, ಅದರ ಭಾಗಗಳಿಗೆ ಒಗ್ಗುವ ಕನ್ನಡ ಹೆಸರು ಸಿಗದೆ ಬರವಣಿಗೆ ನಿಂತಿದೆ.

ಇಡೀ ಪೆಟ್ಟಿಗೆಗೆ ಹೆಸರಿನ ಬರವೇನಿಲ್ಲ. ಬೀರು, ಅಲಮಾರು, ಕಪಾಟು ಮೂರೂ ಇವೆ. ಬೀರು ಅಂದ ಕೂಡಲೇ ಹಿಡಿ ತಿರುಗಿಸುವ ಕಬ್ಬಿಣದ್ದೇ ಕಣ್ಮುಂದೆ ಬರುತ್ತದೆ. ಹಾಗಾಗಿ ಗೋಡೆಗೆ ಸೇರಿಸಿ ಮಾಡುವ ಪ್ಲೈವುಡ್ಡಿನದಕ್ಕೆ ಕಪಾಟು ಎಂದಿಟ್ಟುಕೊಂಡಿದ್ದೇನೆ. ಸಂಸ್ಕೃತದಲ್ಲಿ ಕಪಾಟ ಅಂದರೆ ಬರೀ ಬಾಗಿಲ ಕದ. ನಮ್ಮಲ್ಲಿ ಪೆಟ್ಟಿಗೆಗೇ ಆ ಹೆಸರು ಅಂಟಿಕೊಂಡಿದೆ!

ತೊಡಕಿರುವುದು ಕದದಲ್ಲೇ. ಬಡಗಿಗಳು ಅದನ್ನು ಶಟರ್ ಅನ್ನುತ್ತಾರೆ. ‘ಓಪನಬಲ್ ಬೇಕಾ, ಸ್ಲೈಡಿಂಗಾ?’ ಎಂದು ಕೇಳುತ್ತಾರೆ. ಓಪನಬಲ್‌ಗೆ ‘ತೆರೆಕದ’ ಅನ್ನೋಣವೆಂದರೆ, ಸ್ಲೈಡಿಂಗೂ ತೆರೆಯುತ್ತದೆ ಅಲ್ವಾ? ಕೀಲಿನ ಮೇಲೆ ತಿರುಗುವುದರಿಂದ ‘ತಿರುಗುಕದ’ ಆದೀತು.

ಸ್ಲೈಡಿಂಗಿಗೆ ‘ಜಾರುಬಾಗಿಲು’ ಅನ್ನುವವರಿದ್ದಾರೆ. ನನಗೆ ಒಗ್ಗುತ್ತಿಲ್ಲ. ಜಾರುವುದು ನಮ್ಮ ಕೈ ಮೀರಿ ಆಗುವಂಥದ್ದು. ಕಾಲು ಜಾರುತ್ತದೆ, ಸೆರಗು ಜಾರುತ್ತದೆ, ಬಾಯಿ ತಪ್ಪಿ ಮಾತು ಜಾರುತ್ತದೆ. ಬೇಕೆಂದೇ ಪಕ್ಕಕ್ಕೆ ತಳ್ಳುವುದಕ್ಕೆ ‘ಸರಿಸು’ ಇದೆ: ಪರದೆ ಸರಿಸು, ಕುರ್ಚಿ ಸರಿಸು. ಮೊದಲು ‘ಸರಿಬಾಗಿಲು’ ಎಂದು ಬರೆದಿದ್ದೆ. ಓದಿದ ಗೆಳೆಯರು, ಇನ್ನೊಂದು ತಪ್ಪು ಬಾಗಿಲಾ ಎಂದು ನಕ್ಕರು. ಈಗ ‘ಸರಿಸುಕದ’ಕ್ಕೆ ಬಂದಿದ್ದೇನೆ. ಬಳಕೆಯಲ್ಲಿ ಹೇಗೆ ಕೇಳುತ್ತದೆ ನೋಡಿ:

‘ಮಂಚಕ್ಕೂ ಕಪಾಟಿಗೂ ನಡುವೆ ಎರಡಡಿ ಜಾಗವೂ ಇಲ್ಲದಿದ್ದರೆ ತಿರುಗುಕದ ಮಂಚಕ್ಕೆ ಬಡಿಯಬಹುದು. ಅಲ್ಲಿ ಸರಿಸುಕದ ಹಾಕಿಸಿ. ಆದರೆ ಎರಡು ಕದ ಒಂದರ ಹಿಂದೊಂದು ಓಡುವುದರಿಂದ ಒಂದು ಸಲಕ್ಕೆ ಅರ್ಧ ಕಪಾಟು ಮಾತ್ರ ಕೈಗೆ ಸಿಗುತ್ತದೆ. ಹಳಿಗೆಂದು ಮೂರು ನಾಲ್ಕು ಇಂಚು ಆಳವೂ ಹೋಗುತ್ತದೆ. ಹ್ಯಾಂಗರಿಗೆ ಒಳಗೆ ಸುಮಾರು 22 ಇಂಚು ಆಳ ಉಳಿಯುವಂತೆ ಮೊದಲೇ ಲೆಕ್ಕ ಹಾಕಿಸಿ.’

ಟ್ರ್ಯಾಕಿಗೆ ‘ಹಳಿ’ ಚೆನ್ನಾಗಿ ಕೂತಿದೆ ಅನ್ನಿಸಿತು. ಒಳಗಿನವುಗಳಲ್ಲಿ ಲಾಫ್ಟಿಗೆ ‘ಅಟ್ಟ’ ಸಾಕು. ಹ್ಯಾಂಗರ್ ರಾಡಿಗೆ ‘ಗಳ’ ಅನ್ನಬಹುದು. ಹಿತ್ತಿಲಲ್ಲಿ ಬಟ್ಟೆ ಒಣಹಾಕುತ್ತಿದ್ದದ್ದೂ ಗಳದ ಮೇಲೇ. ಡ್ರಾಯರಿಗೆ ‘ಸೆಳೆಖಾನೆ’ ಓದಿದ್ದೇನೆ, ಯಾರ ಬಾಯಲ್ಲೂ ಕೇಳಿಲ್ಲ. ಎಲ್ಲರೂ ‘ಡ್ರಾ’ ಅನ್ನುವಾಗ ಸುಮ್ನೆ ಅದನ್ನೇ ಉಳಿಸಿಕೊಳ್ಳುವುದು ವಾಸಿ.

ಧಾರವಾಡ, ಮಂಗಳೂರು ಕಡೆಯ ಬಡಗಿಗಳು ಈ ಎರಡು ಬಗೆಯ ಕದಕ್ಕೆ ಬೇರೆ ಹೆಸರು ಹೇಳುತ್ತಾರೆಯೇ? ಹಾಗೆಯೇ ಎರಡು ಹಲಗೆ ನಡುವಿನ ತೆರಪಿಗೆ, ಅಂದರೆ ಮಡಚಿದ ಸೀರೆ ಪೇರಿಸಿಡುವ ಜಾಗಕ್ಕೆ, ನಿಮ್ಮ ಮನೆಯಲ್ಲಿ ಖಾನೆ ಅನ್ನುತ್ತೀರೋ, ಗೂಡು ಅನ್ನುತ್ತೀರೋ?